ಮನೆ ಮಂದಿ ಗುಂಪಿನಲ್ಲಿ ಶ್ರೀಲಂಕಾದ ಬಸ್ಸು

ಸರೋಜಾ ಅತ್ತೆ (ಕಾರವಾರ):
[ಹಲವು ಬಾರಿ ಫಾರ್ವರ್ಡ್ ಆಗಿದೆ] ‘ಎಚ್ಚರಿಕೆ! ಶ್ರೀಲಂಕಾಕ್ಕೆ ಹೋದ ಭಾರತೀಯರು ಅಲ್ಲಿನ ಲೋಕಲ್ ಬಸ್ಸು ಹತ್ತುವುದನ್ನು ಸರ್ಕಾರ ನಿಷೇಧಿಸಿದೆ. ರಶ್ ಇರುವ ಬಸ್ಸುಗಳಲ್ಲಿ ಪಾಸ್‌ಪೋರ್ಟ್ ಕದಿಯುವ ಜಾಲವಿದೆ. ನಿಮ್ಮವರು ಅಲ್ಲಿದ್ದರೆ ಕೂಡಲೇ ತಿಳಿಸಿ.’
ವಿನಯಾ ಈಗ ಕ್ಯಾಂಡಿಯಲ್ಲಿದ್ದಾಳೆ. ಇದನ್ನು ಓದಿದಾಗಿನಿಂದ ನನಗೆ ಕೈಕಾಲು ಆಡುತ್ತಿಲ್ಲ. ವಿನಯಾ, ಟ್ಯಾಕ್ಸಿ ಮಾಡಿಕೊಂಡು ಹೋಗು, ದುಡ್ಡು ನಾನು ಕೊಡುತ್ತೇನೆ.

ಮಹೇಶ (ಕುಮಟಾ):
ಅತ್ತೆ, ನಿಷೇಧಿಸಿದ್ದು ಯಾವ ಸರ್ಕಾರ, ಯಾವ ತಾರೀಕಿನಂದು ಎಂಬುದು ಈ ಸಂದೇಶದಲ್ಲಿ ಎಲ್ಲಿಯೂ ಇಲ್ಲ. ನಮ್ಮ ಸರ್ಕಾರ ಅಂಥ ಸೂಚನೆ ಕೊಡುವುದಾದರೆ ವಿದೇಶಾಂಗ ಸಚಿವಾಲಯವೋ ಕೊಲಂಬೊದ ಭಾರತೀಯ ಹೈಕಮಿಷನ್ನೋ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಕ್ಯಾಂಡಿಯಲ್ಲೇ ನಮ್ಮ ಸಹಾಯಕ ಹೈಕಮಿಷನ್ ಕಚೇರಿಯೂ ಇದೆ. ಮೂಲ ಯಾವುದೆಂದು ದಯವಿಟ್ಟು ತಿಳಿಸಿ. ಕಳೆದ ಮಳೆಗಾಲದಲ್ಲಿ ದೇವಿಮನೆ ಘಟ್ಟ ಬಂದ್ ಆಗಿದೆ ಎಂಬ ಹಳೆಯ ಸಂದೇಶವನ್ನು ನೀವು ಇಲ್ಲಿ ಹಾಕಿದ್ದರಿಂದ ನಾವು ಅಂಕೋಲಾ, ಯಲ್ಲಾಪುರ ಸುತ್ತಿ ಶಿರಸಿಗೆ ಬಂದು, ಉಪನಯನದ ಮುಹೂರ್ತವೇ ತಪ್ಪಿತ್ತು.

ಸರೋಜಾ ಅತ್ತೆ (ಕಾರವಾರ):
ಮುಹೂರ್ತ ತಪ್ಪಿದ್ದು ನೀವು ಮನೆಯಿಂದ ತಡವಾಗಿ ಹೊರಟಿದ್ದರಿಂದ. ಅದನ್ನು ಆಗಲೇ ಹೇಳಿದ್ದೇನೆ.

ಗಣಪತಿ ದೊಡ್ಡಪ್ಪ (ಶಿರಸಿ):
ಮಹೇಶ, ಹಿರಿಯರು ಆತಂಕದಿಂದ ಕಳಿಸಿದ್ದನ್ನು ಎಲ್ಲರೆದುರು ಸುಳ್ಳು ಎನ್ನುವುದು ನಮ್ಮ ಮನೆಯ ರೀತಿಯಲ್ಲ. ಸಂದೇಶ ನಿಜವೋ ಸುಳ್ಳೋ, ಅದರಲ್ಲಿರುವ ಬುದ್ಧಿಮಾತು ಒಳ್ಳೆಯದೇ. ಭಾಷೆ ಬಾರದ ಊರಿನಲ್ಲಿ ಒಂಟಿ ಹೆಣ್ಣುಮಗಳು ತುಂಬಿದ ಬಸ್ಸಿನಲ್ಲಿ ನಿಂತು ಹೋಗುವ ಅಗತ್ಯವೇನಿದೆ? ಈ ಪ್ರವಾಸ ಬೇಡವೆಂದು ಯುಗಾದಿಯಂದೇ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಹೇಶ (ಕುಮಟಾ):
ಸುಳ್ಳು ಎಂಬ ಮಾತನ್ನು ನಾನು ಬರೆದೇ ಇಲ್ಲ, ದೊಡ್ಡಪ್ಪ. ಮೇಲೆ ಓದಿ ನೋಡಿ. ನಾನು ಕೇಳಿದ್ದು ಮೂಲವನ್ನು ಮಾತ್ರ.

ರಾಘು (ಅಂಕೋಲಾ):
ಬಸ್ಸಿನ ಮಾತು ಬಂದಾಗ ಮಾರಿಕಾಂಬಾ ಜಾತ್ರೆಯ ವರ್ಷಗಳು ನೆನಪಾಗುತ್ತವೆ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಅಪ್ಪಯ್ಯ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರು. ಆ ಸೀಟಿನಲ್ಲಿ ಕೊನೆಗೆ ಕೂರುತ್ತಿದ್ದವರು ಮಗು ಎತ್ತಿಕೊಂಡ ಯಾರೋ ಅಪರಿಚಿತ ಹೆಂಗಸರು. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗುವವರೆಗೆ ಕರಾವಳಿಯ ನಮಗೆ ಬಸ್ಸೇ ಗತಿಯಾಗಿತ್ತಲ್ಲ. ಹಡಗಿನ ಕೆಲಸದಲ್ಲಿದ್ದಾಗ ಮನಿಲಾದಲ್ಲಿ ಜೀಪ್ನಿ ಎಂಬ ಅಲ್ಲಿನ ಸಣ್ಣ ಬಸ್ಸು ಹತ್ತಿದ್ದೇನೆ. ಅದಕ್ಕೆ ಕಂಡಕ್ಟರ್ ಇಲ್ಲ, ಹಿಂದಿನಿಂದ ಹತ್ತಬೇಕು, ಉದ್ದ ಬೆಂಚುಗಳಲ್ಲಿ ಎದುರುಬದುರು ಕೂರಬೇಕು. ಹಿಂದೆ ಕುಳಿತವನ ದುಡ್ಡು ಕೈಯಿಂದ ಕೈಗೆ ದಾಟಿ ಡ್ರೈವರನಿಗೆ ಮುಟ್ಟುತ್ತದೆ, ಚಿಲ್ಲರೆಯೂ ಹಾಗೆಯೇ ತಿರುಗಿ ಬರುತ್ತದೆ. ನನ್ನ ಚಿಲ್ಲರೆ ಒಮ್ಮೆಯೂ ಕಡಿಮೆಯಾಗಿರಲಿಲ್ಲ.

ಸರೋಜಾ ಅತ್ತೆ (ಕಾರವಾರ):
ರಾಘು, ಮಗು ಎತ್ತಿಕೊಂಡವಳಿಗೆ ಸೀಟು ಕೊಟ್ಟಿದ್ದು ನನ್ನ ಅಣ್ಣ, ಅವನ ಗುಣವೇ ಹಾಗಿತ್ತು. ಆದರೆ ಅದೇ ಜಾತ್ರೆಯ ಬಸ್ಸಿನಲ್ಲಿ ನನ್ನ ಕೊರಳಿನ ಸರ ಹೋಯಿತೆಂಬುದನ್ನು ಎಲ್ಲರೂ ಮರೆತಿದ್ದೀರಿ. ಆ ದಿನ ‘ಜಾಗ್ರತೆ ಬೇಡವೇ’ ಎಂದು ನನ್ನನ್ನೇ ಬೈದವರು ಇದೇ ಗುಂಪಿನಲ್ಲಿದ್ದಾರೆ. ಈಗ ಜಾಗ್ರತೆ ಹೇಳಿದರೆ ಮೂಲ ಕೇಳುತ್ತೀರಿ.

ಗಣಪತಿ ದೊಡ್ಡಪ್ಪ (ಶಿರಸಿ):
ಬೈದದ್ದಲ್ಲ, ಬುದ್ಧಿ ಹೇಳಿದ್ದು.

ವಿನಯಾ (ಕ್ಯಾಂಡಿ):
ಅತ್ತೆ, ನಿಮ್ಮ ಸರದ ವಿಷಯ ನನಗೆ ತಿಳಿದಿರಲಿಲ್ಲ. ನಿಮ್ಮ ಆತಂಕ ಈಗ ಅರ್ಥವಾಯಿತು. ನಾನು ನೋಡಿದ್ದನ್ನು ಹೇಳುತ್ತೇನೆ. ಕೊಲಂಬೊದ ಪೆಟ್ಟಾದಿಂದ ಇಲ್ಲಿಗೆ ಕೆಂಪು ಸರ್ಕಾರಿ ಬಸ್ಸಿನಲ್ಲೇ ಬಂದೆ, ದಾರಿಯುದ್ದಕ್ಕೂ ಜನ ಕಿಕ್ಕಿರಿದಿದ್ದರು. ಯಾರೂ ತಡೆಯಲಿಲ್ಲ, ಕಂಡಕ್ಟರ್ ದುಡ್ಡು ತೆಗೆದುಕೊಂಡು ಟಿಕೆಟ್ ಕೊಟ್ಟ. ಮುಂದಿನ ಸೀಟು ಭಿಕ್ಷುಗಳಿಗೆ ಮೀಸಲು ಎಂದು ಗೊತ್ತಿಲ್ಲದೆ ಅಲ್ಲಿ ಕುಳಿತಿದ್ದೆ. ಒಬ್ಬ ಭಿಕ್ಷು ಹತ್ತಿದಾಗ ಪಕ್ಕದ ಅಜ್ಜಿ ನನ್ನ ತೋಳು ಮುಟ್ಟಿ ಸನ್ನೆ ಮಾಡಿದರು. ನಾನು ಎದ್ದು ನಿಂತ ಮೇಲೆ ನನ್ನ ಚೀಲವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ನಮ್ಮ ಶಿರಸಿ–ಕುಮಟಾ ಬಸ್ಸಿನಲ್ಲಿ ನಿಂತವರ ಚೀಲವನ್ನು ಕುಳಿತವರು ಕೇಳದೆಯೇ ಇಸಿದುಕೊಳ್ಳುತ್ತಾರಲ್ಲ, ಹಾಗೆಯೇ. ಪಾಸ್‌ಪೋರ್ಟ್ ಅಂಗಿಯ ಒಳಗಿನ ಚೀಲದಲ್ಲಿದೆ, ಚಿಲ್ಲರೆ ಮಾತ್ರ ಹೊರಗಿದೆ.
ಆದರೆ ನನಗೆ ಕಳ್ಳರಿಗಿಂತ ಘಟ್ಟದ ಭಯ ಹೆಚ್ಚು. 2025ರ ಮೇ 11ರಂದು ಕತರಗಾಮದಿಂದ ಕುರುನೇಗಲಕ್ಕೆ ಹೊರಟಿದ್ದ ಸರ್ಕಾರಿ ಬಸ್ಸು ಕೊತ್ಮಲೆಯ ಬಳಿ ಕಂದಕಕ್ಕೆ ಬಿದ್ದು 20ಕ್ಕೂ ಹೆಚ್ಚು ಜನ ಸತ್ತರು. ಸೀಟುಗಳಿಗಿಂತ ಬಹಳ ಹೆಚ್ಚು ಜನ ಅದರಲ್ಲಿದ್ದರು. ನಾನು ನಾಳೆ ನುವಾರ ಎಲಿಯಾಕ್ಕೆ ಹೋಗಬೇಕಾದ ರಸ್ತೆಯೂ ಅದೇ. ಈ ಸಂದೇಶ ಬರೆದವರಿಗೆ ನಮ್ಮ ಮೇಲೆ ನಿಜವಾಗಿ ಕಾಳಜಿ ಇದ್ದಿದ್ದರೆ ಅದನ್ನಲ್ಲವೇ ಬರೆಯಬೇಕಿತ್ತು?

ಸರೋಜಾ ಅತ್ತೆ (ಕಾರವಾರ):
ಅಯ್ಯೋ, ಹಾಗಾದರೆ ಆ ದಾರಿಯಲ್ಲಿ ಹೋಗಲೇಬೇಡ.

ಮಹೇಶ (ಕುಮಟಾ):
ಟ್ಯಾಕ್ಸಿ ಹೋಗುವುದೂ ಅದೇ ರಸ್ತೆಯಲ್ಲಿ, ಅತ್ತೆ. ವಿನಯಾ, ಬೆಳಕಿದ್ದಾಗಲೇ ಹೋಗು.

ವಿನಯಾ (ಕ್ಯಾಂಡಿ):
ಹಗಲಿನ ಬಸ್ಸಿಗೇ ಹೋಗುತ್ತೇನೆ. ಹೊರಡುವ ನಿಲ್ದಾಣದಲ್ಲೇ ಹತ್ತಿದರೆ ಸೀಟು ಸಿಗುತ್ತದೆ. ಬಾಗಿಲಿನವರೆಗೆ ತುಂಬಿದ್ದರೆ ಬಿಟ್ಟು, ಮುಂದಿನದಕ್ಕೆ ಕಾಯುತ್ತೇನೆ. ತಲುಪಿದ ಕೂಡಲೇ ಇಲ್ಲಿ ಬರೆಯುತ್ತೇನೆ. ಅತ್ತೆ, ಆ ಸಂದೇಶವನ್ನು ದಯವಿಟ್ಟು ಅಳಿಸಿ, ಬೇರೆ ಗುಂಪುಗಳಿಗೆ ಕಳಿಸಿದ್ದರೆ ಅಲ್ಲಿಯೂ ಅಳಿಸಿ. ಇಲ್ಲಿಗೆ ಬರಬೇಕೆಂದಿರುವ ಬೇರೆಯವರು ಅದನ್ನು ನಂಬಿ ಹೆದರುತ್ತಾರೆ.

ಸರೋಜಾ ಅತ್ತೆ (ಕಾರವಾರ):
ನೀನು ಕೇಳಿದ್ದಕ್ಕೆ ಅಳಿಸುತ್ತೇನೆ. ಮಹೇಶ ಕೇಳಿದ್ದಕ್ಕಲ್ಲ.

ಗಣಪತಿ ದೊಡ್ಡಪ್ಪ (ಶಿರಸಿ):
ಅಳಿಸುವ ಮೊದಲು ಉಪನಯನದ ದಿನ ಯಾರು ಎಷ್ಟು ಹೊತ್ತಿಗೆ ಹೊರಟರೆಂಬುದು ಇತ್ಯರ್ಥವಾಗಲಿ.