ಕಾರ್ಡ್ ಪಾವತಿ ದಿಢೀರನೆ ಫೇಲ್ ಆಗ್ತಿವೆ. ಕೋಡ್ ಬದಲಾಗಿಲ್ಲ, ಗೇಟ್‌ವೇ ಸರಿಯಿದೆ. ಎಲ್ಲಿ ಹುಡುಕಲಿ?

ಪ್ರಶ್ನೆ:
ನಮ್ಮ ಆನ್‌ಲೈನ್ ಅಂಗಡಿಯಲ್ಲಿ ನಿನ್ನೆ ಸಂಜೆಯಿಂದ ಕಾರ್ಡ್ ಪಾವತಿ ಫೇಲ್ ಆಗುವ ಪ್ರಮಾಣ ದುಪ್ಪಟ್ಟಿಗೂ ಮೀರಿದೆ. ಈ ವಾರ ಹೊಸ ಕೋಡ್ ಏನೂ ಹಾಕಿಲ್ಲ. ಗೇಟ್‌ವೇ (ಪಾವತಿಯನ್ನು ನಮ್ಮಿಂದ ಬ್ಯಾಂಕಿಗೆ ತಲುಪಿಸುವ ಸೇವೆ) ಸ್ಟೇಟಸ್ ಪುಟ ಎಲ್ಲ ಸರಿಯಿದೆ ಅಂತಲೇ ತೋರಿಸ್ತಿದೆ. ಸರ್ವರ್ ರೀಸ್ಟಾರ್ಟ್ ಮಾಡಿದೆ, ಟೈಮ್‌ಔಟ್ ಹೆಚ್ಚಿಸಿದೆ, ಪ್ರಯೋಜನ ಆಗಲಿಲ್ಲ. ಆದರೆ ಗ್ರಾಹಕರಿಂದ ದೂರು ಮಾತ್ರ ಹೆಚ್ಚಾಗಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ:
ದೂರು ಹೆಚ್ಚಾಗಿಲ್ಲ ಅಂದಿರಲ್ಲ, ಅದನ್ನು ನೆನಪಿಟ್ಟುಕೊಳ್ಳಿ. ಒಟ್ಟು ಶೇಕಡಾವಾರು ನೋಡ್ತಾ ಕೂತರೆ ಕಾರಣ ಸಿಗೋದಿಲ್ಲ, ಅದನ್ನು ಒಡೆಯಬೇಕು. ಮೊದಲು ರೆಸ್ಪಾನ್ಸ್ ಕೋಡ್ ಪ್ರಕಾರ, ಅಂದರೆ ಪ್ರತಿ ಪಾವತಿಗೆ ಬ್ಯಾಂಕ್ ಕಡೆಯಿಂದ ಬರುವ ಉತ್ತರದ ಸಂಖ್ಯೆ ಹಿಡಿದು. ಕಾರ್ಡ್ ಜಾಲಗಳು ಬಳಸುವ ಐಎಸ್‌ಒ 8583 ಪದ್ಧತಿಯಲ್ಲಿ 51 ಅಂದರೆ ಖಾತೆಯಲ್ಲಿ ಹಣ ಸಾಲದು, 54 ಅಂದರೆ ಕಾರ್ಡಿನ ಅವಧಿ ಮುಗಿದಿದೆ, 91 ಅಂದರೆ ಕಾರ್ಡ್ ಕೊಟ್ಟ ಬ್ಯಾಂಕಿನ ವ್ಯವಸ್ಥೆ ಕೈಗೆ ಸಿಗ್ತಿಲ್ಲ, 14 ಅಂದರೆ ಕಾರ್ಡ್ ಸಂಖ್ಯೆ ಸರಿಯಿಲ್ಲ. 05 ಬಂದರೆ ಬ್ಯಾಂಕ್ ಕಾರಣ ಹೇಳದೆ ನಿರಾಕರಿಸಿದೆ ಅಂತ. 91 ಏರಿದ್ದರೆ ಬಿನ್ ಪ್ರಕಾರ, ಅಂದರೆ ಕಾರ್ಡ್ ಸಂಖ್ಯೆಯ ಮೊದಲ 6 ಅಥವಾ 8 ಅಂಕಿ ಹಿಡಿದು ಗುಂಪು ಮಾಡಿ. ಒಂದೇ ಬ್ಯಾಂಕಿನ ತೊಂದರೆಯಾದರೆ ಥಟ್ಟನೆ ಕಾಣುತ್ತೆ. ಓಟಿಪಿ ಹಂತದಲ್ಲೇ ನಿಂತುಹೋದ ಪಾವತಿಗಳನ್ನು ಬೇರೆ ಇಡಿ, ಅವು ಹಣ ಕೇಳುವ ಹಂತಕ್ಕೇ ಹೋಗಿರೋದಿಲ್ಲ.

ಟೈಮ್‌ಔಟ್‌ಗಳನ್ನು ದಯವಿಟ್ಟು ಫೇಲ್ ಲೆಕ್ಕಕ್ಕೆ ಸೇರಿಸಬೇಡಿ. ಉತ್ತರ ಬಂದಿಲ್ಲ ಅಂತ ಅಷ್ಟೇ ಗೊತ್ತು, ಹಣ ಕಡಿತ ಆಗಿರಲೂಬಹುದು. ಸ್ಟೇಟಸ್ ಕೇಳಿ ಖಚಿತ ಮಾಡಿಕೊಳ್ಳದೆ ಮತ್ತೆ ಕಳಿಸಿದರೆ ಗ್ರಾಹಕರಿಗೆ ಎರಡು ಸಲ ಕಡಿತವಾಗುವ ಅಪಾಯ ಇದೆ.

ಪ್ರಶ್ನೆ ಕೇಳಿದವರು:
ಒಡೆದು ನೋಡಿದೆ ಸರ್. 51, 91 ಎಂದಿನಂತಿವೆ. ಏರಿರೋದು 05 ಮತ್ತು 14 ಮಾತ್ರ. ಹೆಚ್ಚುಕಡಿಮೆ ಎಲ್ಲವೂ ಗೆಸ್ಟ್ ಚೆಕ್‌ಔಟ್ (ಲಾಗಿನ್ ಆಗದೆ ಕೊಳ್ಳೋದು), ತೀರಾ ಕಡಿಮೆ ಬೆಲೆಯ ಅದೇ ಒಂದು ವಸ್ತು. ಪ್ರತಿ ಸಲ ಬೇರೆ ಕಾರ್ಡ್, ಆದರೆ ಬಿನ್ ಒಂದೆರಡೇ. ಲಾಗಿನ್ ಆಗಿ ಕೊಳ್ಳುವವರ ಪಾವತಿ ಎಂದಿನಂತೆಯೇ ನಡೀತಿದೆ.

ಉತ್ತರ:
ಹಾಗಾದರೆ ಇದು ಕಾರ್ಡ್ ಟೆಸ್ಟಿಂಗ್. ಕದ್ದ ಅಥವಾ ಊಹಿಸಿದ ಸಂಖ್ಯೆಗಳಲ್ಲಿ ಯಾವುದು ಜೀವಂತ ಅಂತ ಪರೀಕ್ಷಿಸೋಕೆ ಯಾರೋ ನಿಮ್ಮ ಚೆಕ್‌ಔಟ್‌ಗೆ ಬಾಟ್, ಅಂದರೆ ತಾನಾಗಿ ಪ್ರಯತ್ನಿಸುತ್ತಲೇ ಇರುವ ಪ್ರೋಗ್ರಾಂ, ಬಿಟ್ಟಿದ್ದಾರೆ. ನಿಮ್ಮ ಗ್ರಾಹಕರ ಪಾವತಿ ಫೇಲ್ ಆಗ್ತಾ ಇಲ್ಲ, ಅದಕ್ಕೇ ದೂರು ಬಂದಿಲ್ಲ.

ಈಗಲೇ ಗೆಸ್ಟ್ ಚೆಕ್‌ಔಟ್‌ಗೆ ಕ್ಯಾಪ್ಚಾ (ಎದುರಿಗಿರೋದು ಮನುಷ್ಯರೇ ಅಂತ ಖಚಿತ ಮಾಡಿಕೊಳ್ಳುವ ಪರೀಕ್ಷೆ) ಹಾಕಿ. ಒಂದು ಸೆಷನ್‌ಗೆ, ಒಂದು ಸಾಧನಕ್ಕೆ ಎಷ್ಟು ಕಾರ್ಡ್ ಪ್ರಯತ್ನಿಸಬಹುದು ಅಂತ ಮಿತಿ ಇಡಿ. ಐಪಿ ವಿಳಾಸ ಒಂದನ್ನೇ ನಂಬಬೇಡಿ, ಬಾಟ್‌ಗಳು ಅದನ್ನು ಬದಲಿಸ್ತಲೇ ಇರ್ತವೆ. ಪರದೆಯ ಮೇಲೆ "ಸಿವಿವಿ ತಪ್ಪು", "ಅವಧಿ ಮುಗಿದಿದೆ" ಅಂತ ಬಿಡಿಸಿ ಹೇಳೋದನ್ನು ಸದ್ಯಕ್ಕೆ ನಿಲ್ಲಿಸಿ, ಕಳ್ಳರಿಗೆ ಬೇಕಾಗಿರೋದು ಆ ಮಾಹಿತಿಯೇ. ಕಾರ್ಡ್ ಉಳಿಸಿಕೊಳ್ಳುವ ಪುಟ ಇದ್ದರೆ ಅದನ್ನೂ ನೋಡಿ, ಎಷ್ಟೋ ಕಡೆ ಅದು ಕಾವಲಿಲ್ಲದೆ ತೆರೆದಿರುತ್ತೆ. ಆ ಬಿನ್ ಪೂರ್ತಿ ಬ್ಲಾಕ್ ಮಾಡೋದು ಬೇಡ. ಅದೇ ಬ್ಯಾಂಕಿನ ನಿಜವಾದ ಗ್ರಾಹಕರೂ ಹೊರಗೆ ಉಳೀತಾರೆ.

ಇನ್ನೊಬ್ಬರ ಉತ್ತರ:
ಫೇಲ್ ಆದವುಗಳಿಗಿಂತ ಆ ಗುಂಪಿನಲ್ಲಿ ಯಶಸ್ವಿಯಾದವನ್ನು ಹುಡುಕಿ. ಅವು ಯಾರದ್ದೋ ಕಾರ್ಡ್‌ನಿಂದ ಹೋದ ಹಣ. ಇವತ್ತೇ ರಿಫಂಡ್ ಮಾಡಿ, ಸರಕು ಕಳಿಸಬೇಡಿ. ಬಿಟ್ಟರೆ ಚಾರ್ಜ್‌ಬ್ಯಾಕ್ ಆಗಿ, ಅಂದರೆ ಕಾರ್ಡಿನವರ ತಕರಾರಿನ ಮೇಲೆ ಬ್ಯಾಂಕ್ ಹಣ ಹಿಂದಕ್ಕೆ ಪಡೆದು, ದಂಡದ ಜೊತೆ ನಿಮ್ಮ ಮೇಲೇ ಬರುತ್ತೆ.

ಪ್ರಶ್ನೆ ಕೇಳಿದವರು:
ಕ್ಯಾಪ್ಚಾ, ಮಿತಿ ಎರಡೂ ಹಾಕಿದೆ. ರಿಫಂಡ್ ಮಾಡ್ತಾ ಇದ್ದೀನಿ. 14 ಪೂರ್ತಿ ಇಳಿದಿದೆ. 05 ಮಾತ್ರ ಇನ್ನೂ ಸ್ವಲ್ಪ ಮೇಲೆಯೇ ಇದೆ, ಈಗ ಲಾಗಿನ್ ಆದವರಲ್ಲೂ ಕಾಣ್ತಿದೆ. ಯಾಕೆ?

ಉತ್ತರ:
ದಾಳಿಯ ಹೊತ್ತಲ್ಲಿ ನಿಮ್ಮ ಅಂಗಡಿಯಿಂದ ಹೋದ ಕೆಟ್ಟ ಕಾರ್ಡ್‌ಗಳನ್ನು ಬ್ಯಾಂಕುಗಳೂ ನೋಡಿರುತ್ತವೆ. ಅದರಿಂದ ನಿಮ್ಮ ಮರ್ಚೆಂಟ್ ಐಡಿ (ಬ್ಯಾಂಕುಗಳು ನಿಮ್ಮ ಅಂಗಡಿಯನ್ನು ಗುರುತಿಸುವ ಸಂಖ್ಯೆ) ಮೇಲೆ ಅವಕ್ಕೆ ಅನುಮಾನ ಬಂದು, ಒಳ್ಳೆಯ ಪಾವತಿಗಳನ್ನೂ ತಿರಸ್ಕರಿಸುತ್ತಿರಬಹುದು. ದಾಳಿಯ ಸಮಯ, ಬಿನ್, ತಡೆಯೋಕೆ ಏನು ಮಾಡಿದಿರಿ ಎಲ್ಲವನ್ನೂ ಬರೆದು ಗೇಟ್‌ವೇಯವರ ರಿಸ್ಕ್ ತಂಡಕ್ಕೆ ಕಳಿಸಿ. 05 ಬಂದವರಿಗೆ ತಾನಾಗಿ ಮರುಪ್ರಯತ್ನ ಮಾಡುವ ವ್ಯವಸ್ಥೆ ಇದ್ದರೆ ಅದನ್ನು ಅಲ್ಲಿಯವರೆಗೆ ಆಫ್ ಮಾಡಿಡಿ.