ತಲೆಸ್ನಾನವೆಂದರೆ ಮಗ ನಡುಗುತ್ತಾನೆ, ಏನು ಮಾಡಲಿ?

ಪ್ರಶ್ನೆ: ಒಬ್ಬ ತಾಯಿ, ಶಿವಮೊಗ್ಗ

ಮಗನಿಗೆ ಏಳು ವರ್ಷ, ಆಟಿಸಂ ಇದೆ. ಭಾನುವಾರ ಬಂತೆಂದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಮೈಗೆ ನೀರು ಹಾಕಿದರೆ ಸುಮ್ಮನಿರುತ್ತಾನೆ. ತಲೆಗೆ ಒಂದು ಚೊಂಬು ಸುರಿದರೆ ಸಾಕು, ಕಿರುಚುತ್ತಾ ನಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದುಬಿಡುತ್ತಾನೆ. ಬೆರಳು ಬಿಡಿಸಲು ಆಗುವುದಿಲ್ಲ. ಅತ್ತೆಯವರು ಹಠ ಎನ್ನುತ್ತಾರೆ. ಹಠಕ್ಕೆ ಮೈ ಹಾಗೆ ನಡುಗುವುದಿಲ್ಲ. ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳಲಾರ. ಖರ್ಚು ತಾಳಲಾರದೆ ಥೆರಪಿ ನಿಲ್ಲಿಸಿದ್ದೇವೆ.

ಉತ್ತರ: ಹನ್ನೆರಡು ವರ್ಷದ ಹುಡುಗಿಯ ತಂದೆ, ಮೈಸೂರು

ಅಮ್ಮಾ, ಆ ನಲ್ಲಿಯನ್ನು ಬಿಡಿಸಬೇಡಿ. ನನ್ನ ಮಗಳು ಬಾಗಿಲ ಚಿಲಕ ಹಿಡಿಯುತ್ತಿದ್ದಳು. ಕಣ್ಣು ಮುಚ್ಚಿ ತಲೆ ಬಗ್ಗಿಸಿದೊಡನೆ ತನ್ನ ಮೈ ಎಲ್ಲಿದೆ ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ, ಬೀಳುತ್ತೇನೆಂದು ಹೆದರುತ್ತಿದ್ದಳು. ಇದು ಗೊತ್ತಾಗುವ ಮೊದಲು ಎರಡು ವರ್ಷ ನಾನು ಗದರಿದ್ದೇನೆ. ಈಗಲೂ ಸಂಕಟವಾಗುತ್ತದೆ.

ಮಣೆಯ ಮೇಲೆ ಕೂರಿಸಿ, ಪಾದ ಎರಡೂ ನೆಲಕ್ಕೆ ಊರಿರಲಿ. ಮೊದಲು ಎಣ್ಣೆ ಹಚ್ಚಿ ಅಂಗೈಯಿಂದ ನೆತ್ತಿ, ಭುಜ ಒತ್ತಿ. ನವಿರಾಗಿ ಸವರಿದರೆ ನಮ್ಮವಳು ಸಿಡಿಮಿಡಿಗೊಳ್ಳುತ್ತಾಳೆ, ಗಟ್ಟಿಯಾಗಿ ಒತ್ತಿದರೆ ಹಗುರಾಗುತ್ತಾಳೆ. ಮಡಿಸಿದ ಒಣ ಟವೆಲನ್ನು ಅವನೇ ಕಣ್ಣಿಗೆ ಒತ್ತಿಕೊಳ್ಳಲಿ. ಐದು ಎಣಿಸುವವರೆಗೆ ಮಾತ್ರ ನೀರು. ಐದೆಂದರೆ ಐದೇ, ಆರಕ್ಕೆ ಹೋದರೆ ನಂಬಿಕೆ ಹೋಗುತ್ತದೆ. ಮೊದಲ ಚೊಂಬು ಅವನ ಕೈಯಿಂದಲೇ ಬೀಳಲಿ, ಅದೂ ಪಾದದ ಮೇಲೆ.

ಖರ್ಚಿನ ಬಗ್ಗೆ: ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿಯೂ ಸೇರುತ್ತದೆ. ಅಂಗವಿಕಲತೆಯ ಪ್ರಮಾಣಪತ್ರ ಬೇಕು.

ಉತ್ತರ: ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಚಿಕಿತ್ಸಕರು), ಹುಬ್ಬಳ್ಳಿ

ಗುಂಡಿಗೆ ಕೊನೆಯಿಂದ ಶುರು ಮಾಡಿ. ಅರ್ಧ ಗುಂಡಿಯನ್ನು ನೀವೇ ಕಾಜಾದೊಳಗೆ ತೂರಿಸಿಡಿ, ಎಳೆಯುವ ಕೆಲಸ ಮಾತ್ರ ಅವನದು. ಅದು ಸಲೀಸಾದ ಮೇಲೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಹೀಗಾದರೆ ಪ್ರತಿ ಸಲವೂ ಮುಗಿಸಿದವನು ಅವನೇ ಆಗುತ್ತಾನೆ. ಚಡ್ಡಿಗೂ ಇದೇ ರೀತಿ: ಮೊಣಕಾಲಿನವರೆಗೆ ನೀವು, ಮೇಲಕ್ಕೆ ಅವನು. ಶಾಲೆಯ ಗಡಿಬಿಡಿಯಲ್ಲಿ ಬೇಡ, ಸಂಜೆ ಅಭ್ಯಾಸ ಮಾಡಿಸಿ.

ಮರಳಿ ಬರೆದದ್ದು: ಶಿವಮೊಗ್ಗದ ತಾಯಿ

ಮೂರು ಭಾನುವಾರ ಕಳೆದವು. ತಲೆಗೆ ಇನ್ನೂ ಒದ್ದೆ ಬಟ್ಟೆಯಷ್ಟೇ. ನಿನ್ನೆ ತಾನಾಗಿ ಪಾದಕ್ಕೆ ಒಂದು ಚೊಂಬು, ಭುಜಕ್ಕೆ ಒಂದು ಹಾಕಿಕೊಂಡ. ಎಡಗೈ ನಲ್ಲಿಯ ಮೇಲೆಯೇ ಇತ್ತು, ನಾನು ಮುಟ್ಟಲಿಲ್ಲ. ಅತ್ತೆಯವರು ಬಾಗಿಲಾಚೆ ನಿಂತು ಐದು ಎಣಿಸಿದರು.