ಜಿಪಿಜಿ ‘ಗುಡ್ ಸಿಗ್ನೇಚರ್’ ಅನ್ನುತ್ತೆ, ಕೆಳಗೇ ವಾರ್ನಿಂಗ್ ಕೊಡುತ್ತೆ. ಮಿಂಟ್ ಹಾಕಬಹುದಾ?

ಮಂಡ್ಯ_ಡಿಟಿಪಿ:
ನಮಸ್ಕಾರ. ನಮ್ಮದು ಮಂಡ್ಯದಲ್ಲಿ ಚಿಕ್ಕ ಡಿಟಿಪಿ ಅಂಗಡಿ. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿದ್ದರಿಂದ ಹಳೇ ಪಿಸಿಗೆ ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕೋಣ ಅಂತಿದ್ದೇನೆ. ಮೈಸೂರಿನ ಸ್ನೇಹಿತರೊಬ್ಬರು ಪೆನ್‌ಡ್ರೈವ್‌ನಲ್ಲಿ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್), ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಪಟ್ಟಿಯ ಟೆಕ್ಸ್ಟ್ ಫೈಲ್, ಅದರ ಸಹಿಯ ಫೈಲ್ ಕೊಟ್ಟರು. ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಡಿಜಿಟಲ್ ಸಹಿ ಪರೀಕ್ಷಿಸುವ ಜಿಪಿಜಿ ಪ್ರೋಗ್ರಾಮಿನ ವೆರಿಫೈ ಓಡಿಸಿದೆ. ‘ಗುಡ್ ಸಿಗ್ನೇಚರ್’ ಬಂತು. ಕೆಳಗೇ, ಈ ಕೀ (ಸಹಿ ಹಾಕಲು ಬಳಸಿದ ಡಿಜಿಟಲ್ ಕೀ) ನಂಬಬಹುದಾದ ಸಹಿಯಿಂದ ದೃಢಪಟ್ಟಿಲ್ಲ ಅಂತ ವಾರ್ನಿಂಗ್. ಫೈಲ್ ಕೆಟ್ಟಿದೆಯಾ? ಮದುವೆ ಪತ್ರಿಕೆಗಳ ಕೆಲಸ ಕಾಯ್ತಿದೆ.

ಕುಕ್ಕರಹಳ್ಳಿ_ಟರ್ಮಿನಲ್:
ವಾರ್ನಿಂಗ್ ಇರೋದು ಫೈಲಿನ ಬಗ್ಗೆ ಅಲ್ಲ ಸರ್, ಕೀ ಬಗ್ಗೆ. ಸಹಿ ಈ ಕೀಯದ್ದೇ ಹೌದು. ಆದರೆ ಕೀ ಮಿಂಟ್‌ನವರದ್ದೇ ಅಂತ ಜಿಪಿಜಿಗೆ ಯಾರೂ ಹೇಳಿಲ್ಲ. ಮಿಂಟ್ ಹೆಸರಿನಲ್ಲಿ ಯಾರು ಬೇಕಾದರೂ ಕೀ ಮಾಡಬಹುದು, ಅಲ್ವಾ? ಜಿಪಿಜಿಯಿಂದ ಕೀಯ ಫಿಂಗರ್‌ಪ್ರಿಂಟ್ (ಅದನ್ನು ಗುರುತಿಸುವ ಅಕ್ಷರಗಳ ಸಾಲು) ತೆಗೆದು, ಮಿಂಟ್‌ನ ಇನ್‌ಸ್ಟಾಲೇಶನ್ ಗೈಡ್‌ನಲ್ಲಿರುವುದರ ಜೊತೆ 40 ಅಕ್ಷರವನ್ನೂ ಹೋಲಿಸಿ. ಕೊನೆಯ 8 ಮಾತ್ರ ನೋಡಿ ಬಿಡಬೇಡಿ. ಅಷ್ಟು ಹೊಂದುವ ನಕಲಿ ಕೀ ಮಾಡೋದು ಕಷ್ಟವಲ್ಲ.

ಅದಕ್ಕಿಂತ ಮುಖ್ಯ, ನೀವು ಪರೀಕ್ಷಿಸಿದ್ದು ಬರೀ ಟೆಕ್ಸ್ಟ್ ಫೈಲನ್ನು. ತೂಕದ ಚೀಟಿ ಅಸಲಿ ಅಂತ ಗೊತ್ತಾಯಿತು, ಕಬ್ಬಿನ ಗಾಡಿ ಇನ್ನೂ ತೂಕಕ್ಕೇ ಹೋಗಿಲ್ಲ. ಎಲ್ಲ ಫೈಲೂ ಒಂದೇ ಫೋಲ್ಡರ್‌ನಲ್ಲಿಟ್ಟು, ಹ್ಯಾಶ್ ಲೆಕ್ಕ ಹಾಕುವ ಎಸ್‌ಎಚ್‌ಎ256ಸಮ್ ಕಮಾಂಡನ್ನು ‘ಚೆಕ್’ ಆಪ್ಶನ್ ಜೊತೆ ಆ ಪಟ್ಟಿಯ ಮೇಲೆ ಓಡಿಸಿ. ‘ಇಗ್ನೋರ್ ಮಿಸ್ಸಿಂಗ್’ ಕೂಡ ಸೇರಿಸಿ. ಇಲ್ಲದಿದ್ದರೆ ನಿಮ್ಮ ಹತ್ತಿರ ಇಲ್ಲದ ಆವೃತ್ತಿಗಳಿಗೆಲ್ಲ ಗೊಣಗುತ್ತೆ.

ಸಕ್ಕರೆನಾಡು_ಹುಡುಗ:
ಇಷ್ಟೆಲ್ಲ ಯಾಕೆ ಗುರು? ಸೈಟಿನಲ್ಲಿರೋ ಹ್ಯಾಶ್ ಜೊತೆ ಹೋಲಿಸಿದ್ರೆ ಸಾಕಲ್ವಾ?

ಕುಕ್ಕರಹಳ್ಳಿ_ಟರ್ಮಿನಲ್:
2016ರ ಫೆಬ್ರವರಿ 20ರಂದು ಮಿಂಟ್ ಸೈಟಿಗೇ ನುಗ್ಗಿ, ಮಿಂಟ್ 17.3ರ ಸಿನಮನ್ ಆವೃತ್ತಿಯ ಡೌನ್‌ಲೋಡ್ ಲಿಂಕನ್ನು ಹಿಂಬಾಗಿಲು ಇಟ್ಟ ಐಎಸ್‌ಒಗೆ ತಿರುಗಿಸಿದ್ದರು. ಅಷ್ಟು ಮಾಡುವವನಿಗೆ ಅಲ್ಲಿರೋ ಹ್ಯಾಶ್ ಬದಲಿಸೋದು ಏನು ಮಹಾ? ಗೈಡ್ ಇರೋದು ರೀಡ್ ದ ಡಾಕ್ಸ್‌ನಲ್ಲಿ, ಅದು ಬೇರೆ ಸೈಟ್. ಅದಕ್ಕೇ ಫಿಂಗರ್‌ಪ್ರಿಂಟ್ ಅಲ್ಲಿ ನೋಡಿ ಅಂದೆ.

ಮಂಡ್ಯ_ಡಿಟಿಪಿ:
ಫಿಂಗರ್‌ಪ್ರಿಂಟ್ ಸರಿ ಇದೆ. ಐಎಸ್‌ಒ ಮಾತ್ರ ‘ಫೇಲ್ಡ್’. ಸ್ನೇಹಿತರು ಅಂಥವರಲ್ಲ ಸರ್!

ಕುಕ್ಕರಹಳ್ಳಿ_ಟರ್ಮಿನಲ್:
ಅವರ ಮೇಲೆ ಅನುಮಾನ ಬೇಡ. ಕಾಪಿ ಮುಗಿಯೋ ಮೊದಲೇ ಪೆನ್‌ಡ್ರೈವ್ ಎಳೆದರೂ ಹೀಗೇ ಆಗುತ್ತೆ. ಫೈಲ್ ತಾನಾಗೇ ಕೆಟ್ಟಿದ್ದಾ, ಯಾರಾದರೂ ತಿದ್ದಿದ್ದಾ, ಎರಡರಲ್ಲಿ ಯಾವುದು ಅಂತ ಹ್ಯಾಶ್ ಹೇಳಲ್ಲ. ಆ ಫೈಲ್ ಅಳಿಸಿ, ನೀವೇ ಹೊಸದಾಗಿ ಇಳಿಸಿ.

ಮಂಡ್ಯ_ಡಿಟಿಪಿ:
ಇಳಿಸಿದೆ, ‘ಓಕೆ’ ಬಂತು. ಜಿಪಿಜಿ ವಾರ್ನಿಂಗ್ ಹಾಗೇ ಇದೆ.

ಕುಕ್ಕರಹಳ್ಳಿ_ಟರ್ಮಿನಲ್:
ಇರಲಿ ಬಿಡಿ. ಅದು ಹೋಗಬೇಕಂದ್ರೆ ನಿಮ್ಮದೇ ಒಂದು ಕೀ ಮಾಡಿಕೊಂಡು ಮಿಂಟ್ ಕೀಗೆ ಲೋಕಲ್ (ನಿಮ್ಮ ಬಳಕೆಗೆ ಮಾತ್ರ) ಸಹಿ ಹಾಕಬೇಕು. ಒಂದು ಇನ್‌ಸ್ಟಾಲ್‌ಗೆ ಅಷ್ಟು ಬೇಡ, ಈಗ ಬೂಟ್ ಮಾಡಿ.